ರಂಧ್ರವಿರುವ ಸಿಲಿಕಾ ಗಾಜಿಗೆ ಸಿಲೇನ್ ಕೂರಿಸುವುದು ಹೇಗೆ: ಒಡೆಯದೆ, ಬೆಳ್ಳಗಾಗದೆ, ಒಳಗಿನವರೆಗೂ

ಸಿಲೇನ್ ಅಂದರೆ ಗಾಜಿನ ಮೈಗೆ ಅಂಟಿ ಅದರ ಗುಣ ಬದಲಿಸುವ ಸಿಲಿಕಾನ್ ಸಂಯುಕ್ತ, ಆಪ್ಟೆಸ್ ಅಂಥದ್ದೊಂದು. ಇದನ್ನು ಕೂರಿಸುವವರಿಂದ ಅವೇ ಮೂರು ದೂರುಗಳು ತಿರುಗಿ ತಿರುಗಿ ಬರುತ್ತಿವೆ. "ನೀರಿನ ಹನಿ ಮೇಲೆ ಮುತ್ತಿನ ಹಾಗೆ ನಿಲ್ಲುತ್ತೆ, ಆದರೂ ಮಳೆಗಾಲದಲ್ಲಿ ಗಾಜು ತೇವ ಹೀರುತ್ತೆ." "ಆಪ್ಟೆಸ್ ಹಾಕಿ ಕುದಿಸಿದೆ, ಗಾಜಿನ ಮೇಲೆ ಹಾಲಿನ ಕೆನೆ ಥರ ಬಿಳಿ ಪೊರೆ ಬಂತು." "ಹಳದಿ ಹೋಗಲಿ ಅಂತ ಬಿಸಿ ಮಾಡಿದೆ, ಕಪ್ಪಾಗಿಬಿಟ್ಟಿತು." ಮೂರನ್ನೂ ನಾನೇ ಮಾಡಿದ್ದೇನೆ. ಆಗೆಲ್ಲ ಸಿಲೇನ್ ಬಾಟಲಿ ಹಳೆಯದು ಅಂತ ಬೈದುಕೊಂಡು ಹೊಸದು ತರಿಸುತ್ತಿದ್ದೆ. ತಪ್ಪು ಬಾಟಲಿಯಲ್ಲಿ ಇರಲಿಲ್ಲ. ಹೆಚ್ಚಿನ ಸಲ ತಪ್ಪು ಇರುವುದು ಗಾಜಿನೊಳಗಿನ ನೀರಿನಲ್ಲಿ, ಉಳಿದ ಸಲ ಹಂತಗಳನ್ನು ಹಿಂದೆ ಮುಂದೆ ಮಾಡಿದ್ದರಲ್ಲಿ.

ಇದು ರಸಾಯನಶಾಸ್ತ್ರದ ಲ್ಯಾಬ್‌ನಲ್ಲಿ, ಫ್ಯೂಮ್ ಹುಡ್ ಕೆಳಗೆ, ಜೊತೆಗೆ ಇನ್ನೊಬ್ಬರು ಇರುವಾಗ ಮಾಡುವ ಕೆಲಸ. ಮನೆಯಲ್ಲಿ ಅಲ್ಲ.

## ಶುರು ಮಾಡುವ ಮುನ್ನ: ಯಾವ ಗಾಜು, ಯಾವ ಗುಣ ಬೇಕು

ಎರಡು ಥರದ ಗಾಜಿಗೆ ಈ ಕ್ರಮ ಹೊಂದುತ್ತದೆ. ಒಂದು, ರಂಧ್ರವಿರುವ ವೈಕೋರ್ ಗಾಜಿನ ಬಿಲ್ಲೆ ಅಥವಾ ಕೊಳವೆ. ಇದರ ರಂಧ್ರ ಸುಮಾರು 4 ನ್ಯಾನೊಮೀಟರ್, ಒಳಗಿನ ಖಾಲಿ ಜಾಗ ಶೇ 28ರಷ್ಟು, ಒಣಗಿದಾಗ ಸಾಂದ್ರತೆ ಮಿಲಿಲೀಟರ್‌ಗೆ 1.5 ಗ್ರಾಂ ಹತ್ತಿರ. ಇನ್ನೊಂದು, ಸಿಪಿಜಿ (ಕಂಟ್ರೋಲ್ಡ್ ಪೋರ್ ಗ್ಲಾಸ್) ಅಂತ ಕರೆಯುವ ಮಣಿ ಅಥವಾ ಪುಡಿ ರೂಪದ ಗಾಜು. ಇದರಲ್ಲಿ ರಂಧ್ರ 10 ನ್ಯಾನೊಮೀಟರ್‌ನಿಂದ ನೂರಾರು ನ್ಯಾನೊಮೀಟರ್‌ವರೆಗೂ ಸಿಗುತ್ತದೆ.

ಗಾಜಿನ ರಂಧ್ರದ ಗೋಡೆಯ ತುಂಬ ಸಿಲನಾಲ್ ಗುಂಪುಗಳಿರುತ್ತವೆ, ಅಂದರೆ ಸಿಲಿಕಾನ್‌ಗೆ ಅಂಟಿದ ಓಎಚ್. ಚೆನ್ನಾಗಿ ನೀರು ಕುಡಿದ ಸಿಲಿಕಾದಲ್ಲಿ ಒಂದು ಚದರ ನ್ಯಾನೊಮೀಟರ್‌ಗೆ ಐದರ ಹತ್ತಿರ. ನೀರು ಬಂದು ಅಂಟುವುದು ಇವಕ್ಕೇ, ಸಿಲೇನ್ ಅಂಟುವುದೂ ಇವಕ್ಕೇ. ಅಂದರೆ ಇಬ್ಬರಿಗೂ ಒಂದೇ ಸೀಟು, ಮೊದಲು ಬಂದವರು ಕೂರುತ್ತಾರೆ. ಈ ಕೆಲಸದ ಜಗಳವೆಲ್ಲ ಇದೇ.

ಗಾಜು ನೀರು ಹೀರಬಾರದು ಅಂತಿದ್ದರೆ ಎಚ್‌ಎಂಡಿಎಸ್, ಅಂದರೆ ಹೆಕ್ಸಾಮಿಥೈಲ್‌ಡೈಸಿಲಜೇನ್ ತೆಗೆದುಕೊಳ್ಳಿ. ಟ್ರೈಮಿಥೈಲ್‌ಕ್ಲೋರೋಸಿಲೇನ್ ಕೂಡ ಎಚ್‌ಎಂಡಿಎಸ್ ಕೂರಿಸುವ ಟ್ರೈಮಿಥೈಲ್‌ಸಿಲೈಲ್ ಗುಂಪನ್ನೇ ಕೂರಿಸುತ್ತದೆ. ಆದರೆ ಅದು ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ, 57 ಡಿಗ್ರಿಗೇ ಕುದಿಯುತ್ತದೆ, ಗಾಳಿಯ ತೇವಕ್ಕೇ ಹೊಗೆಯಾಡುತ್ತದೆ. ಮೊದಲ ಸಲಕ್ಕೆ ಬೇಡ. ಕಿಣ್ವವನ್ನೋ ಬಣ್ಣವನ್ನೋ ಲೋಹದ ಅಯಾನನ್ನೋ ಹಿಡಿದಿಡುವ ಗಾಜು ಬೇಕಿದ್ದರೆ ಅಮೈನ್ ಗುಂಪು ಬೇಕು, ಅದಕ್ಕೆ ಆಪ್ಟೆಸ್, ಅಂದರೆ 3-ಅಮೈನೋಪ್ರೊಪೈಲ್‌ಟ್ರೈಎಥಾಕ್ಸಿಸಿಲೇನ್.

ಎರಡರ ಸ್ವಭಾವ ಬೇರೆ. ಎಚ್‌ಎಂಡಿಎಸ್ ಕೊಡುವ ಗುಂಪಿಗೆ ಅಂಟಲು ಒಂದೇ ಕೈ: ಗೋಡೆ ಹಿಡಿದರೆ ಹಿಡಿಯಿತು, ನೀರು ಸಿಕ್ಕರೆ ಹಾಳಾಗಿ ತೊಳೆದು ಹೋಗುತ್ತದೆ. ಆಪ್ಟೆಸ್‌ಗೆ ಮೂರು ಕೈ. ಒಂದು ಗೋಡೆ ಹಿಡಿದರೆ ಉಳಿದೆರಡು ತಮ್ಮ ತಮ್ಮಲ್ಲೇ ಹಿಡಿದುಕೊಳ್ಳುತ್ತವೆ, ನೀರು ಜಾಸ್ತಿಯಿದ್ದರೆ ರಂಧ್ರದ ಬಾಯಲ್ಲೇ ಬಲೆ ನೇಯ್ದು ಮುಚ್ಚಿಬಿಡುತ್ತವೆ. 4 ನ್ಯಾನೊಮೀಟರ್ ರಂಧ್ರದ ವೈಕೋರ್‌ಗೆ ಆಪ್ಟೆಸ್ ಹಾಕಲು ಹೊರಟಿದ್ದರೆ ಒಂದು ನಿಮಿಷ ಯೋಚಿಸಿ. ಅಮೈನೋಪ್ರೊಪೈಲ್‌ಡೈಮಿಥೈಲ್‌ಎಥಾಕ್ಸಿಸಿಲೇನ್ ಅಂತ ಒಂದೇ ಕೈಯ ಅಮೈನ್ ಸಿಲೇನ್ ಸಿಗುತ್ತದೆ. ದುಬಾರಿ, ಆದರೆ ಸಣ್ಣ ರಂಧ್ರಕ್ಕೆ ಅದೇ ಸರಿ.

## ಬೇಕಾಗುವ ಸಾಮಾನು

ದುಂಡು ತಳದ ಫ್ಲಾಸ್ಕ್, ಕಂಡೆನ್ಸರ್, ಗಾಳಿಯ ತೇವ ತಡೆಯುವ ಗಾರ್ಡ್ ಟ್ಯೂಬ್, ಆಯಿಲ್ ಬಾತ್, ವ್ಯಾಕ್ಯೂಮ್ ಪಂಪ್, ಒಣ ನೈಟ್ರೋಜನ್, ಗಾಜಿನ ಸಿರಿಂಜ್, ಹೊಂದಿಸಿದಷ್ಟೇ ವೇಗದಲ್ಲಿ ಬಿಸಿ ಏರಿಸುವ ಓವನ್. ಟೆಫ್ಲಾನ್ ತುದಿಯ ಚಿಮಟ. ಸ್ಟೀಲ್ ಚಿಮಟ ಬೇಡ, ಅಂಚು ಕಿತ್ತು ಬರುತ್ತದೆ. ಅದರಿಂದ ಕಬ್ಬಿಣದ ಅಂಶ ಪೆರಾಕ್ಸೈಡ್‌ಗೆ ಬಿದ್ದರೆ ಅದು ಸುಮ್ನೆ ನೊರೆಯೆದ್ದು ಹಾಳಾಗುತ್ತದೆ. 3 ಆಂಗ್‌ಸ್ಟ್ರಾಂ ಮಾಲಿಕ್ಯುಲರ್ ಸೀವ್, ಅಂದರೆ ದ್ರಾವಕದಲ್ಲಿನ ನೀರು ಹೀರುವ ಮಣಿ. ನಾಲ್ಕು ದಶಮಾಂಶ ತೋರಿಸುವ ತಕ್ಕಡಿ, ಅದಿಲ್ಲದೆ ಈ ಕೆಲಸ ಕುರುಡು. ಕಣ್ಣಿಗೆ ಪೂರ್ತಿ ಮುಚ್ಚುವ ಗಾಗಲ್, ನೈಟ್ರೈಲ್ ಗ್ಲೌಸ್.

ಇನ್ನೊಂದು, ಗಾಜಿನ ಹೆಚ್ಚುವರಿ ತುಂಡುಗಳು. ಬೇಕಾದ್ದು ಮೂರು ಬಿಲ್ಲೆ ಅಂದರೆ ಐದು ತೊಳೆಯಿರಿ. ಒಂದಕ್ಕೆ ಸಿಲೇನ್ ಹಾಕದೆ ಹಾಗೇ ಇಡಬೇಕು, ಒಂದನ್ನು ಕೊನೆಯಲ್ಲಿ ಮುರಿಯಬೇಕು. ಮುರಿಯಲು ಮನಸ್ಸಾಗದೆ ಉಳಿಸಿಕೊಂಡವರೇ ಮಳೆಗಾಲದಲ್ಲಿ ಫೋನ್ ಮಾಡುವುದು.

## ಹಂತ 1: ಹಳದಿ ತೆಗೆಯುವುದು

ರಂಧ್ರದ ಗಾಜು ಗಾಳಿಯಲ್ಲಿನ ಎಣ್ಣೆ, ದ್ರಾವಕ, ಪ್ಲಾಸ್ಟಿಕ್ ಡಬ್ಬಿಯ ಆವಿ ಎಲ್ಲವನ್ನೂ ಹೀರಿ ನಿಧಾನವಾಗಿ ಹಳದಿ ತಿರುಗುತ್ತದೆ. ಡ್ರಾಯರ್‌ನಲ್ಲಿ ಒಂದೆರಡು ತಿಂಗಳು ಬಿದ್ದಿದ್ದರೆ ಜೇನಿನ ಬಣ್ಣ ಬಂದಿರುತ್ತದೆ. ಈ ಸ್ಥಿತಿಯಲ್ಲಿ ಫರ್ನೇಸ್‌ಗೆ ಇಡಬೇಡಿ. ಒಳಗಿನ ಕೊಳೆ ಸುಟ್ಟು ಇಂಗಾಲವಾಗಿ ರಂಧ್ರದಲ್ಲೇ ಕೂರುತ್ತದೆ. ಆಮೇಲೆ ಆ ಕಪ್ಪನ್ನು ತೆಗೆಯುವುದು ಹೆಚ್ಚುಕಡಿಮೆ ಆಗದ ಮಾತು.

ಶೇ 30ರ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಮುಳುಗಿಸಿ, 90 ಡಿಗ್ರಿಯಲ್ಲಿ ಬಣ್ಣ ಹೋಗುವವರೆಗೆ ಇಡಿ. ಬೀಕರ್ ಮೇಲೆ ಗಾಜಿನ ಮುಚ್ಚಳ ಸಡಿಲವಾಗಿರಲಿ, ಬಿಗಿ ಮುಚ್ಚಿದರೆ ಆಮ್ಲಜನಕದ ಒತ್ತಡಕ್ಕೆ ಹಾರುತ್ತದೆ. ಮೊದಲು ಗಾಜಿನ ಮೈಯೆಲ್ಲ ಸಣ್ಣ ಗುಳ್ಳೆ ಏಳುತ್ತವೆ, ಸೋಡಾ ಬಾಟಲಿಯ ಹಾಗೆ. ಅರ್ಧ ಗಂಟೆಗೆ ಅಂಚು ತಿಳಿಯಾಗುತ್ತದೆ, ನಡುವೆ ಹಳದಿ ಚುಕ್ಕೆ ಉಳಿದಿರುತ್ತದೆ. ಆ ಚುಕ್ಕೆ ಚಿಕ್ಕದಾಗುತ್ತಾ ಬರುವುದನ್ನು ನೋಡಿ. ಪೆರಾಕ್ಸೈಡ್ ಹೊರಗಿನಿಂದ ಒಳಗೆ ಹೋಗುತ್ತಿದೆ ಅಂತ ಅದೇ ಹೇಳುತ್ತದೆ. ಮುಂದೆ ಸಿಲೇನ್ ಕೂಡ ಇದೇ ದಾರಿಯಲ್ಲಿ, ಇದಕ್ಕಿಂತ ನಿಧಾನವಾಗಿ ಒಳಗೆ ಹೋಗಬೇಕು. ಎರಡು ಗಂಟೆಯಾದರೂ ಚುಕ್ಕೆ ಉಳಿದಿದ್ದರೆ ಹೊಸ ಪೆರಾಕ್ಸೈಡ್ ಹಾಕಿ.

ಒಂದು ಮಾತು ಗಟ್ಟಿಯಾಗಿ: ಪೆರಾಕ್ಸೈಡ್ ಹತ್ತಿರ ಅಸಿಟೋನ್ ತರಬೇಡಿ. ಗಾಜನ್ನು ಅಸಿಟೋನ್‌ನಲ್ಲಿ ಜಾಲಿಸಿ ನೇರ ಪೆರಾಕ್ಸೈಡ್‌ಗೆ ಹಾಕುವ ಚಾಳಿ ಎಷ್ಟೋ ಜನರಿಗಿದೆ. ಎರಡೂ ಸೇರಿದರೆ ಸಿಡಿಯುವ ಪೆರಾಕ್ಸೈಡ್ ಹುಟ್ಟಬಹುದು. ಗಾಜು ರಂಧ್ರದ ತುಂಬ ಅಸಿಟೋನ್ ಹೊತ್ತಿರುತ್ತದೆ ಅನ್ನುವುದು ನೆನಪಿರಲಿ.

ಪೂರ್ತಿ ಒಣಗಿದ ಬಿಲ್ಲೆಯನ್ನು ನೇರ ದ್ರವಕ್ಕೆ ಹಾಕಿದರೂ ಕಷ್ಟ. ರಂಧ್ರ ನೀರು ಹೀರುವ ರಭಸಕ್ಕೆ 'ಟಿಕ್' ಅಂತ ಸದ್ದು ಬಂದು ಸೀಳುತ್ತದೆ. ಮೊದಲು ಒದ್ದೆ ಟಿಶ್ಯೂ ಇಟ್ಟ ಮುಚ್ಚಿದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟು ಆವಿಯಲ್ಲೇ ತೇವ ಕುಡಿಸಿ, ಆಮೇಲೆ ಮುಳುಗಿಸಿ. ಮಣಿಗಳಿಗೆ ಈ ಭಯ ಕಡಿಮೆ.

## ಹಂತ 2: ಆಮ್ಲ, ಆಮೇಲೆ ನೀರು

ಈ ಗಾಜನ್ನು ಬೋರೋಸಿಲಿಕೇಟ್‌ನಿಂದ ಬೋರೇಟ್ ಭಾಗವನ್ನು ಆಮ್ಲದಲ್ಲಿ ಕರಗಿಸಿ ತೆಗೆದು ಮಾಡಿರುತ್ತಾರೆ. ಆದರೂ ಸ್ವಲ್ಪ ಬೋರಾನ್ ಉಳಿದಿರುತ್ತದೆ, ವೈಕೋರ್‌ನಲ್ಲಿ ಬೋರಾನ್ ಆಕ್ಸೈಡ್ ಶೇ 3ರ ಹತ್ತಿರ. ಎಚ್‌ಎಂಡಿಎಸ್ ಬಿಡುವ ಅಮೋನಿಯಾ ಈ ಬೋರಾನ್‌ಗೆ ಹೋಗಿ ಅಂಟುತ್ತದೆ. ಪೂರ್ತಿ ತೆಗೆಯಲಾಗದು, ಮೈಮೇಲಿನದನ್ನು ಕಡಿಮೆ ಮಾಡಬಹುದು ಅಷ್ಟೇ.

1 ಮೋಲಾರ್ ನೈಟ್ರಿಕ್ ಆಮ್ಲದಲ್ಲಿ, 80 ಡಿಗ್ರಿಯಲ್ಲಿ, ನಾಲ್ಕೈದು ಗಂಟೆ ಇಡಿ. ಇದರಿಂದ ಲೋಹದ ಅಯಾನುಗಳೂ ಹೋಗುತ್ತವೆ, ಹಿಂದೆ ಯಾರೋ ಹೆಚ್ಚು ಬಿಸಿ ಮಾಡಿ ಕಳೆದಿದ್ದ ಸಿಲನಾಲ್‌ಗಳೂ ಮರಳಿ ಬರುತ್ತವೆ.

ಆಮೇಲೆ ಡಿಸ್ಟಿಲ್ಡ್ ನೀರು. ಇಲ್ಲಿ ಎಲ್ಲರೂ ಅವಸರ ಮಾಡುತ್ತಾರೆ. ನಲ್ಲಿ ಕೆಳಗೆ ಹಿಡಿದು ಜಾಲಿಸಿದರೆ ಮೈ ತೊಳೆಯುತ್ತದೆ, ಹೊಟ್ಟೆ ತೊಳೆಯುವುದಿಲ್ಲ. ನೀರಿನಲ್ಲಿ ಗಂಟೆಗಟ್ಟಲೆ ನೆನೆಯಬೇಕು, ಐದಾರು ಸಲ ನೀರು ಬದಲಿಸಬೇಕು. ಕೊನೆಯ ನೀರಿನಲ್ಲಿ ಒಂದು ರಾತ್ರಿ ಬಿಟ್ಟು ಬೆಳಗ್ಗೆ ಪಿಎಚ್ ನೋಡಿ. ಬಿಲ್ಲೆ ಹಾಕದ ಬೀಕರ್‌ನ ನೀರಿಗೂ ಇದಕ್ಕೂ ವ್ಯತ್ಯಾಸ ಇರಬಾರದು.

ಎರಡು ಎಚ್ಚರಿಕೆ. ಕ್ಷಾರದಲ್ಲಿ ತೊಳೆಯಬೇಡಿ, ಪಿಎಚ್ 9 ದಾಟಿದರೆ ಸಿಲಿಕಾ ಕರಗಲು ಶುರುವಾಗುತ್ತದೆ, ಇಷ್ಟು ತೆಳು ಗೋಡೆಯ ಗಾಜಂತೂ ಬೇಗ. ಮತ್ತೆ, ನೈಟ್ರಿಕ್ ಆಮ್ಲದ ವೇಸ್ಟ್ ಬಾಟಲಿಗೆ ಎಥನಾಲ್ ಆಗಲಿ ಯಾವುದೇ ದ್ರಾವಕವಾಗಲಿ ಸುರಿಯಬೇಡಿ, ಅದು ಸಿಡಿದ ಉದಾಹರಣೆಗಳು ಬೇಕಾದಷ್ಟಿವೆ.

## ಹಂತ 3: ಲೆಕ್ಕ ಮತ್ತು ಟಾಲುಯೀನ್, ಒಣಗಿಸುವ ಮೊದಲೇ

ಹೆಚ್ಚಿನವರು ಗಾಜು ಒಣಗಿಸಿ, ಆಮೇಲೆ ಸಿಲೇನ್ ಬೆರೆಸುವ ದ್ರಾವಕವಾದ ಟಾಲುಯೀನ್ ಹುಡುಕುತ್ತಾರೆ. ಅಷ್ಟರಲ್ಲಿ ಒಣಗಿದ್ದು ಒದ್ದೆಯಾಗಿರುತ್ತದೆ. ಕ್ರಮ ತಿರುಗಿಸಿ.

ನೀರು ತುಂಬಿದ ವೈಕೋರ್ ಬಿಲ್ಲೆಯ ಮೈಯನ್ನು ಫಿಲ್ಟರ್ ಪೇಪರ್‌ನಲ್ಲಿ ಒರೆಸಿ ತೂಗಿ, ಬಂದ ತೂಕವನ್ನು 1.19ರಿಂದ ಭಾಗಿಸಿ. ಒಣ ತೂಕ ಅಂದಾಜಿಗೆ ಅಷ್ಟೇ ಇರುತ್ತದೆ. ಯಾಕೆಂದರೆ 1 ಗ್ರಾಂ ಗಾಜಿನ ರಂಧ್ರದಲ್ಲಿ 0.19 ಮಿಲಿಲೀಟರ್‌ನಷ್ಟು ನೀರು ಹಿಡಿಯುತ್ತದೆ.

ಗ್ರಾಂಗೆ 200 ಚದರ ಮೀಟರ್ ಮೈ ಇದೆ ಅಂತ ಇಟ್ಟುಕೊಳ್ಳಿ, ನಿಮ್ಮ ಗಾಜಿನ ನಿಜವಾದ ಅಂಕಿ ಇದ್ದರೆ ಅದನ್ನೇ ಹಾಕಿ. ಟ್ರೈಮಿಥೈಲ್‌ಸಿಲೈಲ್ ಗುಂಪು ದಪ್ಪ ದೇಹದ್ದು, ಬಸ್ಸಿನ ಸೀಟಲ್ಲಿ ಒಬ್ಬರು ದೊಡ್ಡ ಚೀಲ ಪಕ್ಕಕ್ಕಿಟ್ಟು ಕೂತ ಹಾಗೆ. ಚದರ ನ್ಯಾನೊಮೀಟರ್‌ಗೆ ಐದು ಸಿಲನಾಲ್ ಇದ್ದರೂ ಕೂರುವುದು ಹೆಚ್ಚೆಂದರೆ 2.5. ಆ ಲೆಕ್ಕದಲ್ಲಿ 1 ಗ್ರಾಂ ಗಾಜಿಗೆ 0.83 ಮಿಲಿಮೋಲ್ ಗುಂಪು. ಒಂದು ಎಚ್‌ಎಂಡಿಎಸ್ ಎರಡು ಗುಂಪು ಕೊಡುತ್ತದೆ, ಹಾಗಾಗಿ 0.42 ಮಿಲಿಮೋಲ್, ಅಂದರೆ 0.09 ಮಿಲಿಲೀಟರ್ ಸಾಕು. ನಾನು 1 ಮಿಲಿಲೀಟರ್ ಹಾಕುತ್ತೇನೆ, ಹತ್ತು ಪಟ್ಟಿಗಿಂತ ಜಾಸ್ತಿ. ಆಪ್ಟೆಸ್ ಆದರೆ 50 ಮಿಲಿಲೀಟರ್ ಟಾಲುಯೀನ್‌ಗೆ 1 ಮಿಲಿಲೀಟರ್, ಅದು 4.3 ಮಿಲಿಮೋಲ್, ಐದು ಪಟ್ಟು. ಆಪ್ಟೆಸ್ ಅನ್ನು ಇನ್ನೂ ಸುರಿದರೆ ಇನ್ನೂ ಚೆನ್ನಾಗಿ ಆಗುತ್ತೆ ಅನ್ನುವುದು ಸುಳ್ಳು, ಹೆಚ್ಚಾಗುವುದು ಬಿಳಿ ಪೊರೆ.

ಈಗ ನೀರಿನ ಲೆಕ್ಕ ನೋಡಿ. ಟಾಲುಯೀನ್ ನೀರನ್ನು ಹಿಡಿಯುವುದು ತೀರಾ ಕಡಿಮೆ. ಪೂರ್ತಿ ತೇವಗೊಂಡ 50 ಮಿಲಿಲೀಟರ್‌ನಲ್ಲೂ ಒಂದು ಮಿಲಿಮೋಲ್ ಚಿಲ್ಲರೆ ನೀರು ಇರಬಹುದು. ಆದರೆ ಮಳೆಗಾಲದಲ್ಲಿ ಟೇಬಲ್ ಮೇಲೆ ಬಿಟ್ಟ 1 ಗ್ರಾಂ ವೈಕೋರ್ ತನ್ನ ಹೊಟ್ಟೆಯಲ್ಲಿ 10 ಮಿಲಿಮೋಲ್ ನೀರು ಹೊತ್ತು ತರುತ್ತದೆ. ನೀವು ಹಾಕುವ ಆಪ್ಟೆಸ್‌ನ ಎರಡು ಪಟ್ಟಿಗೂ ಜಾಸ್ತಿ. ಟಾಲುಯೀನ್ ಒಣಗಿಸಲು ಮೂರು ದಿನ ಒದ್ದಾಡಿ, ಗಾಜನ್ನು ಮಾತ್ರ ಊಟಕ್ಕೆ ಹೋಗುವಾಗ ತೆರೆದಿಟ್ಟು ಹೋಗಿದ್ದೆ ನಾನು. ಮಂಗಳೂರು, ಜುಲೈ ತಿಂಗಳು. ಆ ಬ್ಯಾಚ್ ಬಗ್ಗೆ ಹೇಳುವುದೇನೂ ಉಳಿದಿಲ್ಲ.

ಆದರೂ ಟಾಲುಯೀನ್ ಒಣಗಿಸಿ. ಸೀವ್ ಅನ್ನು 300 ಡಿಗ್ರಿಯಲ್ಲಿ ಮೂರು ಗಂಟೆ ಕಾಯಿಸಿ, ತೇವ ತಾಗದಂತೆ ತಣಿಸಿ, ಟಾಲುಯೀನ್‌ಗೆ ಹಾಕಿ ಒಂದು ದಿನ ಬಿಡಿ. ಪ್ಯಾಕೆಟ್‌ನಿಂದ ನೇರ ತೆಗೆದು ಹಾಕಿದ ಸೀವ್ ಕೆಲಸಕ್ಕೆ ಬಾರದು. ಸೀವ್‌ನ ಧೂಳು ಕೆಳಗೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಎಳೆಯಿರಿ.

## ಹಂತ 4: ಒಣಗಿಸುವುದು

ಒಡೆಯುವ ಗಾಜೆಲ್ಲ ಹೆಚ್ಚಾಗಿ ಇಲ್ಲೇ ಒಡೆಯುವುದು, ಕಾಣುವುದು ಮಾತ್ರ ಆಮೇಲೆ. ಸಣ್ಣ ರಂಧ್ರದಿಂದ ನೀರು ಹೊರಗೆ ಹೋಗುವಾಗ ಗೋಡೆಗಳನ್ನು ಭಾರೀ ಬಲದಿಂದ ಎಳೆಯುತ್ತದೆ. ಬಿಲ್ಲೆಯ ಒಂದು ಬದಿ ಬೇಗ ಒಣಗಿ ಇನ್ನೊಂದು ಬದಿ ಒದ್ದೆ ಉಳಿದರೆ ಸೀಳುವುದು ಖಂಡಿತ.

ಪೆಟ್ರಿ ಡಿಶ್‌ನಲ್ಲಿ ಟೆಫ್ಲಾನ್ ಜಾಲರಿ ಇಟ್ಟು ಅದರ ಮೇಲೆ ಬಿಲ್ಲೆ ಇಡಿ, ಎರಡೂ ಬದಿಗೆ ಗಾಳಿ ಆಡಲಿ. ಮುಚ್ಚಳ ಸ್ವಲ್ಪವೇ ಸಂದಿ ಬಿಟ್ಟು ಮುಚ್ಚಿ. ಫ್ಯಾನ್ ಕೆಳಗೆ ಬೇಡ, ಕಿಟಕಿಯ ಬಿಸಿಲಲ್ಲಿ ಬೇಡ. ಒಂದೆರಡು ದಿನ ಬಿಡಿ, ಮಳೆಗಾಲದಲ್ಲಿ ಇದು ಹಾಗೇ ಒಣಗುವುದಿಲ್ಲ, ಡೆಸಿಕೇಟರ್‌ನಲ್ಲಿ ಸ್ವಲ್ಪವೇ ಸಿಲಿಕಾ ಜೆಲ್ ಇಟ್ಟು ಮಾಡಬೇಕಾಗುತ್ತದೆ.

ಈ ಹೊತ್ತಿನಲ್ಲಿ ಒಂದು ತಮಾಷೆ ನಡೆಯುತ್ತದೆ, ಮೊದಲ ಸಲ ನೋಡಿದವರು ಗಾಬರಿಯಾಗುತ್ತಾರೆ. ನೀರು ತುಂಬಿದ ಬಿಲ್ಲೆ ಪಾರದರ್ಶಕ. ಒಣಗುತ್ತಾ ಬಂದಂತೆ ಅದು ಮಂಜು ಕವಿದ ಹಾಗಾಗಿ, ಆಮೇಲೆ ಪೂರ್ತಿ ಸುಣ್ಣದ ಬಿಳಿಯಾಗಿ, ಇನ್ನೂ ಒಣಗಿದರೆ ಮತ್ತೆ ತಿಳಿಯಾಗುತ್ತದೆ. ಹಾಳಾಗಿದ್ದಲ್ಲ. ಕೆಲವು ರಂಧ್ರ ಖಾಲಿ, ಕೆಲವು ತುಂಬಿ, ಹಾಗಾಗಿ ಬೆಳಕು ಚದುರುತ್ತದೆ. ಇದನ್ನೇ ನಿಮ್ಮ ಗಡಿಯಾರ ಮಾಡಿಕೊಳ್ಳಿ: ಬಿಳಿ ಇರುವಾಗ ಬಿಸಿ ಏರಿಸಬೇಡಿ, ಜಾಗವನ್ನೂ ಬದಲಿಸಬೇಡಿ. ಮತ್ತೆ ತಿಳಿಯಾದ ಮೇಲೆಯೇ ಓವನ್.

ಓವನ್‌ನಲ್ಲಿ ನಿಮಿಷಕ್ಕೆ 1 ಡಿಗ್ರಿಯಂತೆ 60ಕ್ಕೆ, ಎರಡು ಗಂಟೆ. 100ಕ್ಕೆ, ಎರಡು ಗಂಟೆ. ಆಮೇಲೆ ಕೊನೆಯ ಒಣಗಿಸುವಿಕೆಯನ್ನು ಸಿಲೇನ್ ಹಾಕುವ ಫ್ಲಾಸ್ಕ್‌ನೊಳಗೇ ಮಾಡಿ. ಈ ಇಡೀ ಬರಹದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬಿಲ್ಲೆಗಳನ್ನು ಫ್ಲಾಸ್ಕ್‌ಗೆ ಹಾಕಿ, ವ್ಯಾಕ್ಯೂಮ್ ಹಚ್ಚಿ, 150ರಿಂದ 180 ಡಿಗ್ರಿ ಆಯಿಲ್ ಬಾತ್‌ನಲ್ಲಿ ಒಂದು ರಾತ್ರಿ. ಬೆಳಗ್ಗೆ ವ್ಯಾಕ್ಯೂಮ್‌ನಲ್ಲೇ ತಣಿಯಲಿ. ಗಾಜು ಮತ್ತೆ ಗಾಳಿ ನೋಡುವುದೇ ಇಲ್ಲ.

200 ದಾಟಬೇಡಿ. "ಇನ್ನೂ ಒಣಗಲಿ" ಅಂತ 500ಕ್ಕೆ ಇಟ್ಟವರಿದ್ದಾರೆ. ಅಂಟಿದ ನೀರು 200ರೊಳಗೇ ಹೋಗಿರುತ್ತದೆ, ಅದರ ಮೇಲೆ ಹೋಗುವುದು ಸಿಲನಾಲ್‌ಗಳೇ. 600 ಡಿಗ್ರಿಗೆ ಚದರ ನ್ಯಾನೊಮೀಟರ್‌ಗೆ ಒಂದೂವರೆಯಷ್ಟು ಉಳಿಯುತ್ತವೆ. ಸಿಲೇನ್‌ಗೆ ಕೂರಲು ಸೀಟೇ ಇಲ್ಲದ ಹಾಗೆ. ಹಾಗೇನಾದರೂ ಆಗಿದ್ದರೆ ಹಂತ 2ಕ್ಕೆ ವಾಪಸ್ ಹೋಗಿ, ಆವಿಯಲ್ಲಿ ತೇವ ಕುಡಿಸಿ, ನೀರಲ್ಲಿ ಹಲವು ಗಂಟೆ ಕುದಿಸಿ.

## ಹಂತ 5: ಸಿಲೇನ್

ಫ್ಲಾಸ್ಕ್ ತಣಿದಿದೆ, ಒಳಗೆ ವ್ಯಾಕ್ಯೂಮ್ ಇದೆ. ಸಿರಿಂಜ್‌ನಲ್ಲಿ ಟಾಲುಯೀನ್ ತೆಗೆದು ಸೆಪ್ಟಮ್, ಅಂದರೆ ಫ್ಲಾಸ್ಕ್ ಬಾಯಿಯ ರಬ್ಬರ್ ಬಿರಡೆ ಮೂಲಕ ಒಂದೇ ಒಂದು ಮಿಲಿಲೀಟರ್ ಬಿಡಿ, ಹತ್ತು ನಿಮಿಷ ಕಾಯಿರಿ. ಆವಿ ಮೊದಲು ರಂಧ್ರಕ್ಕೆ ಹೋಗುತ್ತದೆ, ಗಾಜಿಗೆ ಪೆಟ್ಟು ಬೀಳುವುದಿಲ್ಲ, ಗಾಳಿಗುಳ್ಳೆಯೂ ಒಳಗೆ ಸಿಕ್ಕಿಕೊಳ್ಳುವುದಿಲ್ಲ. ಆಮೇಲೆ ಉಳಿದದ್ದನ್ನು ನಿಧಾನವಾಗಿ ಬಿಡಿ, ಆಮೇಲೆ ನೈಟ್ರೋಜನ್ ತುಂಬಿ ಒತ್ತಡ ಸರಿ ಮಾಡಿ. ಅದಾದ ಮೇಲೆ ಸಿಲೇನ್.

ಎಚ್‌ಎಂಡಿಎಸ್ ಆದರೆ: ಕೂಡಲೇ ಬಿಸಿ ಮಾಡಬೇಡಿ. ಒಂದು ರಾತ್ರಿ ತಣ್ಣಗೇ ಬಿಡಿ. ತಣ್ಣಗಿರುವಾಗ ಅದು ನಿಧಾನವಾಗಿ ಅಂಟುತ್ತದೆ, ಆದರೆ ಒಳಗೆ ನುಸುಳುತ್ತಿರುತ್ತದೆ. ನಡುವಿನವರೆಗೂ ತಲುಪಿದ ಮೇಲೆ ಬಿಸಿ ಕೊಟ್ಟರೆ ಎಲ್ಲ ಕಡೆ ಒಟ್ಟಿಗೆ ಅಂಟುತ್ತದೆ. ಮೊದಲೇ ಬಿಸಿ ಕೊಟ್ಟರೆ ಬಾಗಿಲ ಬಳಿಯೇ ಎಲ್ಲ ಕೂತು, ಒಳಗೆ ಹೋಗುವವರಿಗೆ ದಾರಿ ಇಕ್ಕಟ್ಟಾಗುತ್ತದೆ. ಆಮೇಲೆ ಬಿಲ್ಲೆಗಳಿಗೆ 90ರಿಂದ 100 ಡಿಗ್ರಿ, ಕುದಿಯದಂತೆ, ಕುದಿದರೆ ಬಿಲ್ಲೆಗಳು ಫ್ಲಾಸ್ಕ್‌ಗೆ ಬಡಿದುಕೊಳ್ಳುತ್ತವೆ. ಮಣಿಗಳಾದರೆ 110ಕ್ಕೆ ರಿಫ್ಲಕ್ಸ್ ಮಾಡಬಹುದು, ಅಂದರೆ ಆವಿ ಕಂಡೆನ್ಸರ್‌ನಲ್ಲಿ ತಣಿದು ಮರಳಿ ಬೀಳುವಂತೆ ಕುದಿಸಬಹುದು. ಅಮೋನಿಯಾ ಹೊರಬರುವುದರಿಂದ ಬಿಗಿಯಾಗಿ ಮುಚ್ಚಬೇಡಿ, ಕಂಡೆನ್ಸರ್ ಮೇಲೆ ಗಾರ್ಡ್ ಟ್ಯೂಬ್ ಇರಲಿ, ಹುಡ್ ಓಡುತ್ತಿರಲಿ.

ಎಷ್ಟು ಹೊತ್ತು? ಮಣಿಗಳಿಗೆ ಐದಾರು ಗಂಟೆ. 1 ಮಿಲಿಮೀಟರ್ ಬಿಲ್ಲೆಗೆ ನಾನು 24 ಗಂಟೆ ಕೊಡುತ್ತೇನೆ. ದಪ್ಪ ಎರಡು ಪಟ್ಟಾದರೆ ಹೊತ್ತು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಒಳಗೆ ನುಸುಳುವ ಹೊತ್ತು ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. 2 ಮಿಲಿಮೀಟರ್ ಬಿಲ್ಲೆಯನ್ನು ಒಂದೇ ರಾತ್ರಿಯಲ್ಲಿ ಮುಗಿಸಿದೆ ಅಂದವರ ಬಿಲ್ಲೆ ನಾನು ಮುರಿದು ನೋಡಿದ್ದೇನೆ. ಅದನ್ನು ಹಂತ 7ರಲ್ಲಿ ಹೇಳುತ್ತೇನೆ.

ಆಪ್ಟೆಸ್ ಆದರೆ: 50 ಮಿಲಿಲೀಟರ್‌ಗೆ 1 ಮಿಲಿಲೀಟರ್, ನೈಟ್ರೋಜನ್ ಕೆಳಗೆ, ಮಣಿಗಳಿಗೆ ರಿಫ್ಲಕ್ಸ್‌ನಲ್ಲಿ ಆರರಿಂದ ಹನ್ನೆರಡು ಗಂಟೆ. ದ್ರವ ಕೊನೆಯವರೆಗೂ ನೀರಿನ ಹಾಗೆ ತಿಳಿಯಾಗಿರಬೇಕು. ಮಬ್ಬು ಕಂಡರೆ ನೀರು ಹೊಕ್ಕಿದೆ, ಅಲ್ಲಿಗೇ ನಿಲ್ಲಿಸಿ ಟಾಲುಯೀನ್‌ನಲ್ಲಿ ತೊಳೆದುಬಿಡಿ. ಮುಂದುವರಿಸಿದರೆ ಆ ಮಬ್ಬೇ ರಂಧ್ರದ ಬಾಯಿಗೆ ಬೀಗ.

ಒಣ ದ್ರಾವಕದ ವ್ಯವಸ್ಥೆಯೇ ಇಲ್ಲದ ಲ್ಯಾಬ್‌ಗೆ, ದೊಡ್ಡ ರಂಧ್ರದ ಸಿಪಿಜಿ ಮಣಿಗಳಿಗೆ ಮಾತ್ರ, ನೀರಿನ ದಾರಿಯೂ ಇದೆ. ನೀರಲ್ಲಿ ಶೇ 10ರ ಆಪ್ಟೆಸ್, ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿ ಹನಿಯಾಗಿ ಹಾಕಿ ಪಿಎಚ್ 3ರಿಂದ 4ಕ್ಕೆ ತಂದು, 75 ಡಿಗ್ರಿಯಲ್ಲಿ ಎರಡರಿಂದ ಮೂರು ಗಂಟೆ. ಆಮ್ಲ ಹಾಕುವಾಗ ದ್ರವ ಬಿಸಿಯಾಗುತ್ತದೆ, ಐಸ್ ಮೇಲೆ ಇಡಿ. ಅಮೈನ್ ಕಡಿಮೆ ಕೂರುತ್ತದೆ, ಆದರೆ ಪದರ ಗಟ್ಟಿ.

ಮಣಿಗಳ ಫ್ಲಾಸ್ಕ್‌ಗೆ ಮ್ಯಾಗ್ನೆಟಿಕ್ ಸ್ಟರ್ ಬಾರ್ ಹಾಕಬೇಡಿ. ಅದು ಮಣಿಗಳನ್ನು ರಾತ್ರಿಯಿಡೀ ಅರೆದು ಹಿಟ್ಟು ಮಾಡುತ್ತದೆ. ಬೆಳಗ್ಗೆ ಫಿಲ್ಟರ್ ಕಟ್ಟಿಕೊಂಡಾಗ ಗೊತ್ತಾಗುತ್ತದೆ. ಆಗಾಗ ಕೈಯಲ್ಲಿ ಆಡಿಸಿದರೆ ಸಾಕು, ಇಲ್ಲ ಅಂದರೆ ಶೇಕರ್.

## ಹಂತ 6: ತೊಳೆದು, ಬಿಸಿ ಕೊಟ್ಟು ಬಿಗಿ ಮಾಡುವುದು

ಒಣ ಟಾಲುಯೀನ್‌ನಲ್ಲಿ ಮೂರು ಸಲ, ಆಮೇಲೆ ಎಥನಾಲ್‌ನಲ್ಲಿ ಮೂರು ಸಲ. ಬಿಲ್ಲೆಗೆ ಪ್ರತಿ ಸಲವೂ ಕನಿಷ್ಠ ಎರಡು ಗಂಟೆ ನೆನೆಸಿ. ಟಾಲುಯೀನ್ ಬಿಟ್ಟು ನೇರ ಎಥನಾಲ್‌ಗೆ ಹೋದರೆ ರಂಧ್ರದಲ್ಲಿ ಉಳಿದಿದ್ದ ಆಪ್ಟೆಸ್ ಎಥನಾಲ್‌ನ ನೀರಿನ ಜೊತೆ ಸೇರಿ ಅಲ್ಲೇ ಗಟ್ಟಿಯಾಗುತ್ತದೆ. ಅಮೈನ್ ಗಾಜನ್ನು ಅಸಿಟೋನ್‌ನಲ್ಲಿ ತೊಳೆಯಬಾರದು. ಅಮೈನ್ ಹೋಗಿ ಕೀಟೋನ್‌ಗೆ ಅಂಟುತ್ತದೆ, ಇಷ್ಟು ಕಷ್ಟಪಟ್ಟು ಕೂರಿಸಿದ ಗುಂಪು ಮುಚ್ಚಿಹೋಗುತ್ತದೆ.

ಎಥನಾಲ್ ಪೂರ್ತಿ ಆರಿದ ಮೇಲೆ, ಅದು ಬೇಗ ಹೊತ್ತಿಕೊಳ್ಳುತ್ತದೆ, ಹಾಗಾಗಿ ಹುಡ್‌ನಲ್ಲೇ ಆರಿಸಿ, ಆಮೇಲೆ 110ರಿಂದ 120 ಡಿಗ್ರಿಯಲ್ಲಿ, ಸಾಧ್ಯವಾದರೆ ವ್ಯಾಕ್ಯೂಮ್ ಓವನ್‌ನಲ್ಲಿ, ಎರಡು ಗಂಟೆ. ಆಪ್ಟೆಸ್‌ಗೆ ಇದು ಬೇಕೇ ಬೇಕು, ಅರ್ಧಂಬರ್ಧ ಹಿಡಿದ ಕೈಗಳು ಇಲ್ಲಿ ಬಿಗಿಯಾಗುತ್ತವೆ. ಎಚ್‌ಎಂಡಿಎಸ್‌ಗೆ ಬರೀ ದ್ರಾವಕ ಓಡಿಸಲು ಅಷ್ಟೇ. ಗಾಜು ಹಳದಿ ತಿರುಗಿದರೆ ಅಮೈನ್ ಗಾಳಿಗೆ ಹಾಳಾಗುತ್ತಿದೆ ಅಂತ, ಬಿಸಿ ಇಳಿಸಿ.

## ಹಂತ 7: ಪರೀಕ್ಷೆ, ಮುರಿಯುವುದೂ ಸೇರಿ

ನೀರಿನ ಹನಿ ಮೇಲೆ ನಿಂತಿತು ಅಂತ ಫೋಟೊ ತೆಗೆದು ಕಳಿಸುತ್ತಾರೆ. ಅದರಿಂದ ಗೊತ್ತಾಗುವುದು ಹೊರಮೈ ಮಾತ್ರ. ಒಂದು ಬಿಲ್ಲೆಯನ್ನು ಬಟ್ಟೆಯಲ್ಲಿ ಸುತ್ತಿ, ಗಾಗಲ್ ಹಾಕಿಕೊಂಡು, ನಡುವೆ ಮುರಿಯಿರಿ. ಮುರಿದ ಅಂಚನ್ನು ನೀಲಿ ಶಾಯಿ ಬೆರೆಸಿದ ನೀರಿನಲ್ಲಿ ಒಂದು ಕ್ಷಣ ಅದ್ದಿ ತೆಗೆದು ಒರೆಸಿ, ಭೂತಗನ್ನಡಿಯಲ್ಲಿ ನೋಡಿ. ನಾನು ಹೇಳಿದ ಆ 2 ಮಿಲಿಮೀಟರ್ ಬಿಲ್ಲೆಯಲ್ಲಿ ಎರಡೂ ಬದಿಗೆ ಬಿಳಿ ಗೆರೆ, ನಡುವೆ ನೀಲಿ ಪಟ್ಟಿ ಕಂಡಿತು, ಬಿಸ್ಕತ್ತಿನ ನಡುವಿನ ಕ್ರೀಮ್ ಹಾಗೆ. ಆ ನೀಲಿ ಪಟ್ಟಿಗೆ ಸಿಲೇನ್ ತಲುಪೇ ಇರಲಿಲ್ಲ. ಆವಿ ರೂಪದ ನೀರು ಹೊರಗಿನ ಪದರ ದಾಟಿ ಅಲ್ಲಿಗೆ ಹೋಗಿ ಕೂರುತ್ತದೆ, ಮಳೆಗಾಲದಲ್ಲಿ ಸೀಳುವುದು ಹಾಗೆ.

ಎರಡನೆಯದು ತೂಕದ ಪರೀಕ್ಷೆ, ನನಗೆ ಅತಿ ಹೆಚ್ಚು ನಂಬಿಕೆಯಿರುವುದು. ಗಾಳಿಯಾಡದ ಡಬ್ಬಿಯಲ್ಲಿ ಉಪ್ಪನ್ನು ಒದ್ದೆ ಮರಳಿನಷ್ಟು ಹದಕ್ಕೆ ನೀರು ಹಾಕಿ ಇಡಿ, ಪೂರ್ತಿ ಕರಗಬಾರದು. ಒಳಗಿನ ಆರ್ದ್ರತೆ ತಾನಾಗಿ ಶೇ 75ಕ್ಕೆ ನಿಲ್ಲುತ್ತದೆ. ಒಣ ಬಿಲ್ಲೆಗಳನ್ನು ತೂಗಿ, ಉಪ್ಪಿಗೆ ತಾಗದಂತೆ ಜಾಲರಿ ಮೇಲಿಟ್ಟು, ಎರಡು ದಿನ ಬಿಟ್ಟು ಮತ್ತೆ ತೂಗಿ. ಸಿಲೇನ್ ಹಾಕದ ವೈಕೋರ್ ಶೇ 18ರ ಆಸುಪಾಸು ತೂಕ ಏರಿಸಿಕೊಳ್ಳುತ್ತದೆ, ಏಕೆಂದರೆ 4 ನ್ಯಾನೊಮೀಟರ್ ರಂಧ್ರ ಶೇ 60ರ ಹತ್ತಿರದ ಆರ್ದ್ರತೆಗೇ ತುಂಬಲು ಶುರುವಾಗುತ್ತದೆ. ಒಳಗಿನವರೆಗೂ ಕೂತ ಬಿಲ್ಲೆ ಶೇ 2 ಅಥವಾ 3ರೊಳಗೆ ನಿಲ್ಲುತ್ತದೆ. ಶೇ 8 ಅಥವಾ 10 ಬಂದರೆ ಹನಿ ಎಷ್ಟೇ ಚೆನ್ನಾಗಿ ನಿಂತರೂ ಹೊಟ್ಟೆ ಖಾಲಿ.

ಸಿಲೇನ್ ಹಾಕಿದ್ದರಿಂದ ಏರಿದ ತೂಕವನ್ನೂ ನೋಡಬಹುದು. ಚದರ ನ್ಯಾನೊಮೀಟರ್‌ಗೆ 2.5ರ ಲೆಕ್ಕದಲ್ಲಿ 1 ಗ್ರಾಂಗೆ 60 ಮಿಲಿಗ್ರಾಂ. ಸಣ್ಣ ರಂಧ್ರದ ಬಾಗಿದ ಗೋಡೆಯಲ್ಲಿ ಅಷ್ಟು ಕೂರುವುದಿಲ್ಲ, 40ರಿಂದ 50 ಬಂದರೆ ಖುಷಿಪಡಿ. 60 ದಾಟಿ ಬಂದರೆ ಖುಷಿಪಡಬೇಡಿ, ಟಾಲುಯೀನ್ ಇನ್ನೂ ಒಳಗಿದೆ.

ಅಮೈನ್‌ಗೆ ನಿನ್‌ಹೈಡ್ರಿನ್. ಎಥನಾಲ್‌ನಲ್ಲಿ ಶೇ 1ರ ದ್ರಾವಣ, ಒಂದು ಸಣ್ಣ ಚೂರು, 80 ಡಿಗ್ರಿ ನೀರಿನ ಬಾತ್‌ನಲ್ಲಿ ಐದು ನಿಮಿಷ. ನೇರಳೆ ಬಂದರೆ ಅಮೈನ್ ಇದೆ. ಸಿಲೇನ್ ಹಾಕದ ಚೂರನ್ನೂ ಪಕ್ಕದಲ್ಲೇ ಪರೀಕ್ಷಿಸಿ. ಬರಿಗೈಯಲ್ಲಿ ಮುಟ್ಟಿದ ಗಾಜೂ ನೇರಳೆ ತಿರುಗುತ್ತದೆ, ಬೆವರಿನಲ್ಲಿ ಅಮೈನೋ ಆಮ್ಲಗಳಿರುತ್ತವಲ್ವಾ. ನಮ್ಮಲ್ಲಿ ಒಬ್ಬರು ಒಂದು ವಾರ ತಮ್ಮ ಹೆಬ್ಬೆರಳಿನ ಗುರುತನ್ನೇ ಫಲಿತಾಂಶ ಅಂತ ನಂಬಿದ್ದರು.

ಐಆರ್ ಯಂತ್ರ, ಅಂದರೆ ಅತಿಗೆಂಪು ಬೆಳಕಿನ ಹೀರಿಕೆ ಅಳೆಯುವ ಯಂತ್ರ ಇದ್ದರೆ 3747 cm⁻¹ನಲ್ಲಿ ಒಂಟಿ ಸಿಲನಾಲ್‌ನ ಚೂಪು ಶಿಖರ ಕಾಣೆಯಾಗಿ, 2960ರ ಸುತ್ತ ಮಿಥೈಲ್ ಶಿಖರ ಹುಟ್ಟಿರಬೇಕು. ಅರ್ಧ ಮಿಲಿಮೀಟರ್‌ಗಿಂತ ತೆಳು ತುಂಡು ಬೇಕು, 2000ಕ್ಕಿಂತ ಕೆಳಗೆ ಸಿಲಿಕಾವೇ ಎಲ್ಲ ನುಂಗುತ್ತದೆ. ನೈಟ್ರೋಜನ್ ಹೀರಿಕೆಯ ಅಳತೆ ಸಿಕ್ಕರೆ, ಎಚ್‌ಎಂಡಿಎಸ್ ನಂತರ 4 ನ್ಯಾನೊಮೀಟರ್ ರಂಧ್ರ 3ರ ಹತ್ತಿರಕ್ಕೆ ಇಳಿದಿದ್ದರೆ ಸರಿ. ಮೈ ವಿಸ್ತಾರ ಪೂರ್ತಿ ಕುಸಿದಿದ್ದರೆ ರಂಧ್ರದ ಬಾಯಿ ಕಟ್ಟಿದೆ.

## ಹಂತ 8: ಬಳಸುವುದು, ಇಡುವುದು, ಉಳಿದದ್ದನ್ನು ಸಾಗಿಸುವುದು

ಎಚ್‌ಎಂಡಿಎಸ್ ಗಾಜನ್ನು ನೀರಿನ ಕೆಲಸಕ್ಕೇ ಬಳಸಬೇಕಿದ್ದರೆ ನೇರ ನೀರಿಗೆ ಹಾಕಿದರೆ ನೀರು ರಂಧ್ರಕ್ಕೆ ಹೋಗುವುದಿಲ್ಲ, ಒಳಗೆ ಗಾಳಿ ಉಳಿಯುತ್ತದೆ. ಮೊದಲು ಎಥನಾಲ್‌ನಲ್ಲಿ ನೆನೆಸಿ, ಅದನ್ನು ಸ್ವಲ್ಪ ಸ್ವಲ್ಪವೇ ನೀರಿಗೆ ಬದಲಿಸಿ.

ಅಮೈನ್ ಗಾಜನ್ನು ನೈಟ್ರೋಜನ್ ತುಂಬಿದ ಗಾಜಿನ ಬಾಟಲಿಯಲ್ಲಿ, ಫ್ರಿಜ್‌ನಲ್ಲಿ ಇಡಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಅಮೈನ್‌ಗೆ ಅಂಟುತ್ತದೆ. ನೀರಲ್ಲಿ ಇಟ್ಟರೆ ಇನ್ನೂ ಕಷ್ಟ: ಆ ಅಮೈನ್ ತಾನೇ ನೀರಿಗೆ ಸಹಾಯ ಮಾಡಿ ತನ್ನ ಬೇರನ್ನು ಕತ್ತರಿಸಿಕೊಳ್ಳುತ್ತದೆ, ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ ಹೋಗುತ್ತದೆ. ಎರಡು ವಾರದೊಳಗೆ ಬಳಸುವಷ್ಟೇ ಮಾಡಿಕೊಳ್ಳಿ. ಪ್ಲಾಸ್ಟಿಕ್ ಜಿಪ್ ಕವರ್ ಯಾವುದಕ್ಕೂ ಬೇಡ, ಹಳದಿ ಅಲ್ಲಿಂದಲೇ ಶುರು.

ಉಳಿದ ಸಿಲೇನ್ ದ್ರಾವಣವನ್ನು ವೇಸ್ಟ್ ಬಾಟಲಿಗೆ ಹಾಕಿ ಕೂಡಲೇ ಬಿಗಿ ಮುಚ್ಚಬೇಡಿ. ಬಾಟಲಿಯಲ್ಲಿ ಸ್ವಲ್ಪ ನೀರಿದ್ದರೂ ಎಚ್‌ಎಂಡಿಎಸ್ ಅಮೋನಿಯಾ ಬಿಡುತ್ತಲೇ ಇರುತ್ತದೆ. ಒಂದು ದಿನ ಹುಡ್‌ನಲ್ಲಿ ಮುಚ್ಚಳ ಸಡಿಲ ಬಿಟ್ಟು, ಆಮೇಲೆ ಹ್ಯಾಲೊಜನ್ ಇಲ್ಲದ ದ್ರಾವಕದ ಡಬ್ಬಿಗೆ. ಸಿರಿಂಜ್‌ಗಳನ್ನು ಅದೇ ಸಂಜೆ ಟಾಲುಯೀನ್‌ನಲ್ಲಿ ತೊಳೆದು ಬಿಚ್ಚಿಡಿ. ಬೆಳಗ್ಗೆ ತೊಳೆದರಾಯಿತು ಅಂತ ಬಿಟ್ಟ ಆಪ್ಟೆಸ್ ಸಿರಿಂಜ್‌ನ ಪಿಸ್ಟನ್ ಆಮೇಲೆ ಕದಲುವುದಿಲ್ಲ, ಗಾಜಿನ ಬಿರಡೆಯೂ ಅಷ್ಟೇ. ಅಂಥವು ನಾಲ್ಕು ನನ್ನ ಡ್ರಾಯರ್‌ನಲ್ಲಿವೆ.